ಅನುಮೋದಕರು ಯಾರು?

ಮುನಿರಾಮಪ್ಪನಿಗೆ ಸೈಕಲ್ಲಿತ್ತು. ಕೈಗೆ ವಾಚಿತ್ತು. ಅವನ ಹೆಂಡತಿಯ ಕಿವಿಯಲ್ಲಿ ಕೆಂಪು ಹರಳಿನ ಓಲೆಯಿತ್ತು. ಇದೆಲ್ಲ ಇದ್ದುಕೊಳ್ಳಲಿ ಎಂದು ಮುನಿಯಲ್ಲಮ್ಮ ಬಿಟ್ಟುಕೊಟ್ಟಿದ್ದಳು. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಅವನ ಬಾಯಲ್ಲಿದ್ದ ಒಂದು ಮಾತಿಗೆ.

ಆ ಮಾತು, ‘ಅನುಮೋದಿಸುತ್ತೇನೆ.’

ಮಂಡಲ ಪಂಚಾಯ್ತಿ ಬಂದ ವರ್ಷ ಇಬ್ಬರೂ ಒಂದೇ ಕೇರಿಯಿಂದ ಮೆಂಬರಾದರು. ಒಂದು ಸೀಟು ಹರಿಜನರಿಗೆ, ಇನ್ನೊಂದು ಹರಿಜನ ಹೆಂಗಸಿಗೆ ಎಂದು ಶ್ರೀನಿವಾಸಪುರದ ತಾಲ್ಲೂಕು ಆಫೀಸಿನಿಂದ ಬರೆದು ಬಂದಿತ್ತು. ಮುನಿರಾಮಪ್ಪ ಕೋಲಾರದ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದಿದವನು. ಮುನಿಯಲ್ಲಮ್ಮ ಚನ್ನರಾಯಪ್ಪನವರ ಮಾವಿನ ತೋಪಿನಲ್ಲಿ ಮಂಕರಿ ಹೊರುವವಳು. ಅವಳನ್ನು ಎಲೆಕ್ಷನ್ನಿಗೆ ನಿಲ್ಲಿಸಿದವರೂ ಚನ್ನರಾಯಪ್ಪನವರೇ. “ಹೆಬ್ಬೆಟ್ಟು ಒತ್ತು ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ” ಅಂದರು. ಅವಳು ಗೆದ್ದಳು. ಅವರೂ ಗೆದ್ದು ಪಂಚಾಯ್ತಿಯ ಪ್ರಧಾನರಾದರು. ಮಾರನೇ ದಿನ ಅವಳು ಅದೇ ತೋಪಿನಲ್ಲಿ ಅದೇ ಮಂಕರಿ ಹೊತ್ತಳು.

ಪಂಚಾಯ್ತಿ ಆಫೀಸೆಂದರೆ ಹಳೇ ಚಾವಡಿ. ನಡುವೆ ಉದ್ದನೆ ಮೇಜು, ಸುತ್ತ ಕುರ್ಚಿ. ಮೊದಲ ಸಭೆಯ ದಿನ ಮುನಿಯಲ್ಲಮ್ಮ ಹೊಸ್ತಿಲಿನ ಒಳಗೆ ಕಾಲಿಟ್ಟಾಗ ಕುರ್ಚಿಗಳೆಲ್ಲ ತುಂಬಿದ್ದವು. ಅದರಲ್ಲೊಂದರಲ್ಲಿ ಶ್ಯಾಮಲಮ್ಮನ ಗಂಡ ಕೂತಿದ್ದ. ಮೆಂಬರು ಶ್ಯಾಮಲಮ್ಮ. ಆಕೆ ಮನೆಯಲ್ಲಿ ಸಾರು ಕುದಿಸುತ್ತಿದ್ದಳು. ಆಕೆಯ ಬದಲಿಗೆ ಗಂಡ ಬಂದು, ಕಾಲ ಮೇಲೆ ಕಾಲು ಹಾಕಿ, ಎಲೆಯಡಿಕೆ ಅಗಿಯುತ್ತಿದ್ದ. ಮುನಿಯಲ್ಲಮ್ಮನಿಗೆ ಬಾಗಿಲ ಪಕ್ಕ ಚಾಪೆ ಹಾಸಿತ್ತು. ಅವಳು ಕೂತಳು. ಯಾರೂ ಕೂರು ಅನ್ನಲಿಲ್ಲ. ನಿಲ್ಲು ಅಂತಲೂ ಅನ್ನಲಿಲ್ಲ.

ಸಭೆಗೆ ಒಂದು ಕ್ರಮವಿತ್ತು. ಕಾರ್ಯದರ್ಶಿ ಆಂಜಿನಪ್ಪ ವಿಷಯ ಓದುತ್ತಿದ್ದ. ಒಬ್ಬರು ಎದ್ದು ಸೂಚಿಸುತ್ತೇನೆ ಅನ್ನಬೇಕು. ಇನ್ನೊಬ್ಬರು ಎದ್ದು ಅನುಮೋದಿಸುತ್ತೇನೆ ಅನ್ನಬೇಕು. ಎರಡನೆಯವರು ಬಾಯಿಬಿಡದಿದ್ದರೆ ಮೊದಲನೆಯವರು ಆಡಿದ್ದು ಗಾಳಿಗೆ ಹೋಯಿತು. ಇಬ್ಬರೂ ಅಂದರೆ ಅದು ನಿರ್ಣಯ. ಇದರ ಜೊತೆಗೆ ಪ್ರಧಾನರು ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಕೇರಿಯ ವಿಷಯವಾದರೆ ಸೂಚಿಸುವವರು ಊರಿನವರು, ಅನುಮೋದಿಸುವವರು ಕೇರಿಯವರು. ಹಾಗೆ ಮಾಡದೆ ಕಳಿಸಿದ್ದ ಕಾಗದವೊಂದು, ಕೇರಿಯವರನ್ನು ಕೇಳಿದಿರಾ ಎಂಬ ಪ್ರಶ್ನೆ ಹೊತ್ತು ತಾಲ್ಲೂಕು ಆಫೀಸಿನಿಂದ ವಾಪಸು ಬಂದಿತ್ತು.

“ಅವರ ಬಾಯಲ್ಲೇ ಅನ್ನಿಸ್ಬಿಡ್ರಪ್ಪ” ಅಂದಿದ್ದರು ಪ್ರಧಾನರು. “ನಾಳೆ ಯಾವೋನೂ ತಕರಾರು ತೆಗಿಯೋ ಹಾಗಿರಬಾರ್ದು.”

ಅದಕ್ಕೇ ಮುನಿರಾಮಪ್ಪನಿಗೆ ಕುರ್ಚಿ. ಮೇಜಿನ ತುದಿಯಲ್ಲಿ, ಗೋಡೆಗೆ ಒತ್ತಿಕೊಂಡ ಹಾಗೆ. ಆದರೂ ಕುರ್ಚಿ. ಕರೆದಾಗ ಅವನು ಎದ್ದು ನಿಲ್ಲುತ್ತಿದ್ದ. ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಆಗ ಮೇಜಿನ ಸುತ್ತ ಕೂತಿದ್ದವರೆಲ್ಲ ಕತ್ತು ತಿರುಗಿಸಿ ಅವನನ್ನು ನೋಡುತ್ತಿದ್ದರು. ರೆಡ್ಡಿಗಳು, ಗೌಡರು, ಅಂಗಡಿ ಶೆಟ್ಟರು. ಇವನ ಅಪ್ಪ ಎದುರಿಗೆ ಬಂದರೆ ಅತ್ತ ಮುಖ ಮಾಡುತ್ತಿದ್ದವರ ಮಕ್ಕಳು. ಅಷ್ಟೂ ಜನ ಅವನ ತುಟಿಯನ್ನು ಕಾಯುತ್ತಿದ್ದರು. ಅವನು ಆ ಮಾತು ಹೇಳಿ ಕೂರುತ್ತಿದ್ದ.

ಮುನಿಯಲ್ಲಮ್ಮ ಚಾಪೆಯ ಮೇಲಿಂದ ಆ ಕತ್ತುಗಳನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ಕಡೆಗೆ ಹಾಗೆ ಒಂದು ಕತ್ತೂ ತಿರುಗಿರಲಿಲ್ಲ. ತಿರುಗಿದ್ದರೂ ಬೈಯುವುದಕ್ಕೆ.

ತೋಪಿನಲ್ಲಿ ಅವಳು ಆ ಮಾತನ್ನು ಅಭ್ಯಾಸ ಮಾಡಿದಳು. ತಲೆಯ ಮೇಲೆ ಕಾಯಿ ತುಂಬಿದ ಮಂಕರಿ. ಮಾವಿನ ಸೊನೆ ಕುತ್ತಿಗೆಗೆ ಇಳಿದು ಚರ್ಮ ಸುಡುತ್ತಿತ್ತು. ಗಿಡದಿಂದ ಲಾರಿಗೆ, ಲಾರಿಯಿಂದ ಗಿಡಕ್ಕೆ. ಒಂದೊಂದು ಹೆಜ್ಜೆಗೂ ಅದೇ ಮಾತು. ಮೊದಮೊದಲು ನಾಲಿಗೆ ನಡುವಲ್ಲೇ ತೊಡರುತ್ತಿತ್ತು. ಆಮೇಲೆ ತೊಡರಲಿಲ್ಲ.

ಜೊತೆಗೆ ಹೊರುತ್ತಿದ್ದ ಅಂಜಮ್ಮ ಕೇಳಿಸಿಕೊಂಡಳು.

“ಏನೇ ಅದು, ಮಂತ್ರಾನಾ? ಕಾಯಿ ಬೇಗ ಹಣ್ಣಾಗ್ಲಿ ಅಂತಾನಾ?”

“ನಿನ್ ಕೆಲ್ಸ ನೋಡೇ.”

“ಮುನಿರಾಮಪ್ಪ ಹೇಳೋ ಮಾತಲ್ವಾ? ಅವನು ಓದಿದೋನು ಕಣೇ. ಅವನ ಬಾಯಿಗೆ ಒಪ್ತದೆ.”

ಮುನಿಯಲ್ಲಮ್ಮ ಮಂಕರಿಯನ್ನು ಲಾರಿಗೆ ಬಡಿದ ಹಾಗೆ ಇಟ್ಟಳು. ಮೇಸ್ತ್ರಿ ಅವಳ ತಾಯಿಯನ್ನು ಎತ್ತಿ ಬೈದ.

ಆ ಹೊಟ್ಟೆಯುರಿಗೆ ಇನ್ನೊಂದು ಕಾರಣವೂ ಇತ್ತು. ರಸ್ತೆ ಪಕ್ಕದ ಜಾಗ.

ಕೇರಿಯವರಿಗೆ ಜನತಾ ಮನೆ ಕಟ್ಟಿಕೊಡಲು ಶ್ರೀನಿವಾಸಪುರದ ರಸ್ತೆಗೆ ಅಂಟಿಕೊಂಡ ಬೀಳು ಜಮೀನನ್ನು ಗೊತ್ತುಮಾಡಿದ್ದರು. ಆ ನಿರ್ಣಯವನ್ನು ಅನುಮೋದಿಸಿದವನು ಮುನಿರಾಮಪ್ಪ. ಅವತ್ತು ಸಂಜೆ ಕೇರಿಯಲ್ಲಿ ಅವನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಜಾಗಕ್ಕೆ ಮುನಿರಾಮಪ್ಪ ಕೊಡಿಸಿದ ಜಾಗ ಅಂತಲೇ ಹೆಸರಾಯಿತು.

ಆಗ ಅದು ಜಾಗವಾಗಿರಲಿಲ್ಲ. ಕಲ್ಲು, ಸೀಮೆಜಾಲಿ, ಹಾವಿನ ಹುತ್ತ. ಮಟ್ಟ ಮಾಡಿಕೊಂಡರೆ ಮನೆ, ಇಲ್ಲದಿದ್ದರೆ ಇಲ್ಲ ಅಂದಿದ್ದರು. ಮಟ್ಟ ಮಾಡಿದವರು ಹೆಂಗಸರು. ಗಂಡಸರು ಕೂಲಿಗೆ ಹೋದ ಮೇಲೆ, ತಾವೂ ಕೂಲಿಯಿಂದ ಬಂದ ಮೇಲೆ, ಬೇಸಿಗೆಯುದ್ದಕ್ಕೂ ಅದೇ ಕೆಲಸ. ಜಾಲಿಯ ಬೇರಿಗೆ ಹಗ್ಗ ಹಾಕಿ ಎಳೆದರು. ಮುಳ್ಳು ಅಂಗೈ ಹೊಕ್ಕು ಹಿಂದಿನಿಂದ ಬಂತು. ಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು ಹೊತ್ತರು. ಬಸುರಿ ಸೊಸೆಯನ್ನು ಕಲ್ಲಿನ ಹತ್ತಿರ ಬಿಡದೆ ಅವಳ ಪಾಲಿನದನ್ನೂ ಮುನಿಯಲ್ಲಮ್ಮ ಹೊತ್ತಳು. ಅವಳಿಗಿದ್ದದ್ದು ಒಂದೇ ಗುಡಿಸಲು. ಮಗ ಸೊಸೆ ಒಳಗೆ ಮಲಗಿದರೆ ಅವಳು ಹೊರಗೆ ಮೇಕೆಯ ಪಕ್ಕ ಮಲಗುತ್ತಿದ್ದಳು. ಮಳೆ ಬಂದ ದಿನ ಮೇಕೆಯನ್ನು ಅಪ್ಪಿಕೊಂಡು ಸೂರಿನ ಚಾಚಿನ ಕೆಳಗೆ ಕೂರುತ್ತಿದ್ದಳು.

ನೆಲ ಅಂಗೈಯ ಹಾಗೆ ಮಟ್ಟವಾಯಿತು. ರೆವಿನ್ಯೂ ಇನ್ಸ್‌ಪೆಕ್ಟರು ಹಗ್ಗ ಹಿಡಿಸಿ ಗೂಟ ಹೊಡೆಸಿ ಒಬ್ಬೊಬ್ಬರಿಗೆ ಒಂದೊಂದು ಚೌಕ ತೋರಿಸಿದರು. ಮುನಿಯಲ್ಲಮ್ಮನ ಚೌಕದ ಪಕ್ಕದ್ದೇ ಮುನಿರಾಮಪ್ಪನದು. ಅವನು ಒಂದು ಕಲ್ಲನ್ನೂ ಎತ್ತಿರಲಿಲ್ಲ. ಜಾಗಕ್ಕೆ ಮಾತ್ರ ಅವನ ಹೆಸರು.

‘ಒಂದು ಮಾತು ಆಡಿದೋನಿಗೆ ಹಾರ. ಬೆನ್ನು ಮುರ್ಕೊಂಡೋಳಿಗೆ?’ ಈ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಲಿಲ್ಲ. ಬಾಯೊಳಗೆ ಇಟ್ಟುಕೊಂಡಳು. ಅದು ಹುಳಿಯಾಯಿತು.

ಒಂದು ಸಭೆಯಲ್ಲಿ ಅವಳು ಚಾಪೆಯ ಮೇಲಿಂದ ಎದ್ದು ನಿಂತಳು.

“ನಮ್ ಕೇರಿಗೆ ಒಂದು ಬೀದಿ ದೀಪ ಬೇಕು ಸೋಮಿ. ಸೂಚಿಸುತ್ತೇನೆ.”

ಶ್ಯಾಮಲಮ್ಮನ ಗಂಡ ಅಗಿಯುವುದನ್ನು ನಿಲ್ಲಿಸಿದ. ಆಂಜಿನಪ್ಪ ಪ್ರಧಾನರ ಮುಖ ನೋಡಿದ. ಪ್ರಧಾನರು ನಕ್ಕರು.

“ಭಲೇ! ಸೂಚಿಸಿದ್ಯಾ? ಅನುಮೋದಕರು ಯಾರು?”

ಯಾರೂ ಏಳಲಿಲ್ಲ. ಮುನಿಯಲ್ಲಮ್ಮ ಮೇಜಿನ ತುದಿಗೆ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಒಬ್ಬನ ಬಾಯಿ ಮಾತ್ರ. ಮುನಿರಾಮಪ್ಪ ತನ್ನ ವಾಚಿಗೆ ಕೀ ಕೊಡುತ್ತಿದ್ದ. ಕೀ ಕೊಡುವುದು ಮುಗಿಯಲೇ ಇಲ್ಲ.

“ಅನುಮೋದಕರಿಲ್ಲ” ಅಂದರು ಪ್ರಧಾನರು. “ಬಿದ್ದೋಯ್ತು ಕಣಮ್ಮ. ಕೂತ್ಕೋ. ಟೀ ಬರ್ತದೆ, ಕುಡ್ಕೊಂಡು ಹೋಗು.”

ಟೀ ಬಂತು. ಮೇಜಿಗೆ ಗಾಜಿನ ಲೋಟ. ಅವಳಿಗೆ ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಿದ್ದ ಅಲ್ಯುಮಿನಿಯಂ ಲೋಟ. ಮುನಿರಾಮಪ್ಪನಿಗೆ ಗಾಜಿನದೇ.

ಪ್ರಧಾನರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಿಸಿಲಿನ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ಬಂದದ್ದೆಲ್ಲ ಮುನಿರಾಮಪ್ಪನ ಮೇಲೆ ಬಂತು. ದಾರಿಯಲ್ಲಿ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು.

“ಯಾಕ್ಲಾ ಮುನಿರಾಮಾ, ನಾಲ್ಗೆ ಎಲ್ಲಿ ಅಡ ಇಟ್ಟಿದ್ದೆ?”

“ಅಕ್ಕಾ, ನಿಂಗೆ ಗೊತ್ತಾಗಲ್ಲ. ಅವರನ್ನ ಕೇಳ್ದೆ ಎದ್ರೆ ನಾಳೆ ನನ್ ಕುರ್ಚಿ ತೆಗೀತಾರೆ. ಆಮೇಲೆ ಕೇರಿಯೋರು ಒಬ್ರೂ ಮೇಜಿನ್ ಹತ್ರ ಇರಲ್ಲ.”

“ನಿನ್ ಕುರ್ಚಿಗೆ ನನ್ ದೀಪ ಆರಿಸ್ದೆ.”

“ಹಂಗನ್ಬೇಡ.”

“ಗಾಜಿನ್ ಲೋಟ ಕಣೋ. ಅದ್ರ ರುಚಿ ಹತ್ತೈತೆ ನಿಂಗೆ.”

ಅವನು ತಲೆ ತಗ್ಗಿಸಿದ. ಅವಳು ಹ್ಯಾಂಡಲ್ ಬಿಟ್ಟಳು. ಆ ಲೋಟದ ರುಚಿ ಹೇಗಿರುತ್ತದೆ ಎಂದು ಅವಳಿಗೂ ಕುತೂಹಲವಿತ್ತು. ಇದು ಅವಳಿಗೆ ಮಾತ್ರ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಪೇಟೆಯ ಮಂಡಿಯವರಿಗೆ ಜಾಗ ಸಾಲದಾಯಿತು. ಲಾರಿ ತಿರುಗಿಸಲು ರಸ್ತೆ ಪಕ್ಕದ ಮಟ್ಟವಾದ ನೆಲ ಬೇಕಾಯಿತು. ಅವರ ಕಣ್ಣು ಕೇರಿಯವರು ಮಟ್ಟ ಮಾಡಿದ ಜಾಗದ ಮೇಲೆ ಬಿತ್ತು. ಪ್ರಧಾನರು ಒಂದು ಸಭೆ ಕರೆದರು.

ಅವತ್ತು ಆಂಜಿನಪ್ಪ ಬೇಗ ಬೇಗ ಓದಿದ. ರಸ್ತೆ ಪಕ್ಕದ ಜಮೀನು ಸಾರ್ವಜನಿಕ ಹಿತದೃಷ್ಟಿಯಿಂದ ಮಾವಿನ ಮಂಡಿಗೆ ಸೂಕ್ತವಾಗಿರುವುದರಿಂದ, ಜನತಾ ಮನೆಗಳ ನಿವೇಶನವನ್ನು ಬಂಡೆ ಹಳ್ಳದ ಪಕ್ಕಕ್ಕೆ ಬದಲಾಯಿಸುವುದು. ಬಂಡೆ ಹಳ್ಳವೆಂದರೆ ಕಲ್ಲು ಒಡೆದು ಬಿಟ್ಟ ಗುಂಡಿ. ಮಳೆಗಾಲದಲ್ಲಿ ಅದರಲ್ಲಿ ಎಮ್ಮೆ ಮುಳುಗುತ್ತಿತ್ತು.

ಸೂಚಿಸುವವರು ಸೂಚಿಸಿ ಕೂತರು.

“ಕೇರಿ ವಿಷ್ಯ. ಮುನಿರಾಮಪ್ಪ ಅನುಮೋದಿಸ್ಲಿ” ಅಂದರು ಪ್ರಧಾನರು.

ಮುನಿರಾಮಪ್ಪ ಎದ್ದ. ಅಂಗಿಯ ಗುಂಡಿ ಮುಟ್ಟಿದ. ಕತ್ತುಗಳು ತಿರುಗಿದವು. ಮುನಿಯಲ್ಲಮ್ಮ ಚಾಪೆಯ ಮೇಲೆ ಹಲ್ಲು ಕಚ್ಚಿದಳು. ‘ಹೇಳ್ತಾನೆ. ಈಗ ಹೇಳ್ತಾನೆ. ನಾವ್ ಹೊತ್ತ ಕಲ್ಲಿನ್ ಮೇಲೆ ನಿಂತ್ಕೊಂಡು ಹೇಳ್ತಾನೆ.’

ಅವನು ಹೇಳಲಿಲ್ಲ.

ನಿಂತೇ ಇದ್ದ. ತುಟಿ ಅಲುಗಲಿಲ್ಲ. ಹೊರಗೆ ಏರು ಹತ್ತುತ್ತಿದ್ದ ಲಾರಿಯ ಸದ್ದು ಬಂದು ದೂರವಾಯಿತು. ಆಂಜಿನಪ್ಪನ ಪೆನ್ನು ಕಾಗದದ ಮೇಲೆ ನಿಂತಿತ್ತು. ಶಾಯಿ ಹರಡಿ ಚುಕ್ಕೆಯಾಯಿತು. ಯಾರೋ ಕೆಮ್ಮಿದರು. ಮುನಿರಾಮಪ್ಪನ ಹಣೆಯಿಂದ ಬೆವರು ಮೂಗಿಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಪ್ರಧಾನರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. “ಏಮಿರಾ ಮುನಿರಾಮಾ, ನೋರು ಪಡಿಪೋಯಿಂದಾ?” ನಿನ್ನ ಬಾಯಿ ಬಿದ್ದುಹೋಯಿತೇನೋ ಎಂದು ಕೇಳಿದರು.

“ಸರಿ. ಕುರ್ಚಿ ಬಿಡು.”

ಅವನು ಕುರ್ಚಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತ.

“ಕೇರಿಯೋರು ಇನ್ನೊಬ್ರಿದ್ದಾರಲ್ಲ” ಪ್ರಧಾನರು ಬಾಗಿಲ ಕಡೆ ತಿರುಗಿದರು. ದನಿ ಬೆಲ್ಲವಾಯಿತು. “ಮುನಿಯಲ್ಲಮ್ಮನೋರೇ, ಬನ್ನಿ. ಕೆಳಗ್ಯಾಕೆ ಕೂತಿದ್ದೀರಿ? ಮೇಲ್ ಬನ್ನಿ. ಏ ಆಂಜಿನಪ್ಪ, ಅಮ್ಮನೋರಿಗೆ ಟೀ ತರ್ಸು.”

ಅವಳಿಗೆ ಸಂತೋಷವಾಯಿತು. ಸುಳ್ಳು ಹೇಳಬಾರದು, ಮೈ ಜುಮ್ಮೆನ್ನುವಷ್ಟು ಸಂತೋಷವಾಯಿತು. ಎದ್ದು ಸೆರಗು ಕೊಡವಿಕೊಂಡಳು. ಗೋಡೆಗೆ ನಿಂತಿದ್ದ ಮುನಿರಾಮಪ್ಪನ ಮುಂದೆಯೇ ಹಾದು, ಅವನ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಅವನ ಮೈಯ ಬಿಸಿಯಲ್ಲಿತ್ತು. ಬೆನ್ನಿಗೆ ಹಲಗೆ ತಾಗಿತು. ಇಷ್ಟು ವರ್ಷ ಅವಳ ಬೆನ್ನು ಒರಗಿದ್ದು ಮಣ್ಣಿನ ಗೋಡೆಗೆ, ಮೇಕೆಯ ಮೈಗೆ. ಟೀ ಬಂತು. ಗಾಜಿನ ಲೋಟದಲ್ಲಿ. ಒಂದು ಗುಟುಕು ಕುಡಿದಳು. ಸಕ್ಕರೆ ಜಾಸ್ತಿಯಿತ್ತು. ಅಷ್ಟೇ.

ಲೋಟ ಕೆಳಗಿಟ್ಟು ಸುತ್ತ ನೋಡಿದಳು. ಕತ್ತುಗಳನ್ನು ನೋಡಲು.

ಒಂದು ಕತ್ತೂ ಅವಳ ಕಡೆ ತಿರುಗಿರಲಿಲ್ಲ. ಎಲ್ಲರೂ ಗೋಡೆಯ ಕಡೆಗೇ ನೋಡುತ್ತಿದ್ದರು. ರೆಡ್ಡಿಗಳು, ಗೌಡರು, ಅಂಗಡಿ ಶೆಟ್ಟರು. ಕುರ್ಚಿ ಕಳೆದುಕೊಂಡು, ಬೆವರು ಸುರಿಸುತ್ತ, ಒಂದು ಮಾತೂ ಆಡದೆ ನಿಂತಿದ್ದವನನ್ನೇ ನೋಡುತ್ತಿದ್ದರು. ಮೊದಲೆಲ್ಲ ಅವನು ಏಳುವಾಗ ನೋಡುತ್ತಿದ್ದ ಹಾಗಲ್ಲ. ಸಾಕಿದ ನಾಯಿ ಗುರ್ ಎಂದಾಗ ನೋಡುವ ಹಾಗೆ. ಆ ನೋಟದಲ್ಲಿ ಭಯವಿತ್ತು.

ಮುನಿಯಲ್ಲಮ್ಮನ ಹೊಟ್ಟೆಯೊಳಗೆ ಕೆಂಡ ಬಿತ್ತು. ಅವನು ಮತ್ತೆ ಮುಂದೆ ಹೋಗಿಬಿಟ್ಟಿದ್ದ. ಅವಳು ಅವನ ಮಾತಿಗೆ ಆಸೆಪಟ್ಟು ಬೇಸಿಗೆಯೆಲ್ಲ ಅಭ್ಯಾಸ ಮಾಡಿದ್ದಳು. ಅದು ಕೈಗೆ ಸಿಗುವ ಹೊತ್ತಿಗೆ ಅವನು ಅದನ್ನು ಎಂಜಲಿನ ಹಾಗೆ ಬಿಟ್ಟು ಎದ್ದಿದ್ದ. ಅವನು ಕೂತು ಬಿಟ್ಟ ಕುರ್ಚಿ. ಅವನು ಉಗುಳಿದ ಮಾತು. ನನಗೆ ಸಿಗುವುದೆಲ್ಲ ಇವನು ಬೇಡವೆಂದದ್ದೇ? ಇಷ್ಟಕ್ಕೂ ಬೇಡ ಅನ್ನುವ ಹಕ್ಕು ಇವನೊಬ್ಬನದೇ? ಕಲ್ಲು ಹೊತ್ತವಳು ನಾನು. ಬೇಡ ಅನ್ನಬೇಕಾದವಳು ನಾನು. ಅದನ್ನೂ ಮೊದಲೇ ಹೊಡೆದುಕೊಂಡನಲ್ಲ, ಕಳ್ಳ.

“ಹೇಳಿ ಅಮ್ಮ” ಆಂಜಿನಪ್ಪ ಪೆನ್ನು ಹಿಡಿದ. “ನಾನ್ ಹೇಳ್ಕೊಡ್ತೀನಿ. ಅನು…”

“ನಂಗ್ ಬರ್ತದೆ.”

ಅವಳು ಎದ್ದು ನಿಂತಳು. ಮೇಜಿನ ಮೇಲೆ ಎರಡೂ ಕೈ ಊರಿದಳು. ಅಂಗೈಯಲ್ಲಿ ಜಾಲಿ ಮುಳ್ಳಿನ ಕಪ್ಪು ಗುರುತು. ಈಗ ಕತ್ತುಗಳು ತಿರುಗಿದವು.

“ಅನುಮೋದಿಸುವುದಿಲ್ಲ.”

ಅವಳ ಬಾಯಿಂದ ಅದು ಪೂರಾ ಬಂತು. ಎಲ್ಲೂ ತೊಡರಲಿಲ್ಲ.

“ಏನಂದೆ?” ಪ್ರಧಾನರ ದನಿಯಲ್ಲಿ ಬೆಲ್ಲ ಇರಲಿಲ್ಲ.

“ಅನುಮೋದಿಸಲ್ಲ ಅಂದೆ. ಕಲ್ಲು ನಾವ್ ಎತ್ತಿದ್ದು. ಮುಳ್ಳು ನಾವ್ ಕಿತ್ತಿದ್ದು. ಮಟ್ಟ ಆದ್ಮೇಲೆ ನಿಮ್ ಲಾರಿ, ನಾವು ಎಮ್ಮೆ ಮುಳುಗೋ ಗುಂಡೀಗಾ? ನಿಮ್ ಮಂಡೀನೇ ಅಲ್ಲಿ ಮಾಡ್ಕೊಳ್ಳಿ. ಹಣ್ಣು ತಣ್ಣಗಿರ್ತದೆ.”

“ನಾನು ಅನುಮೋದಿಸ್ತೀನಿ ಬರ್ಕೊಳ್ರೀ!” ಶ್ಯಾಮಲಮ್ಮನ ಗಂಡ ಎದ್ದ. ಅವನ ಬಾಯಿಂದ ಎಲೆಯಡಿಕೆ ಸಿಡಿಯಿತು.

ಮುನಿಯಲ್ಲಮ್ಮ ಅವನ ಕಡೆ ತಿರುಗಿದಳು. “ನೀನ್ಯಾರಪ್ಪ? ವೋಟು ಹಾಕ್ಸ್ಕೊಂಡೋಳು ನಿನ್ ಹೆಂಡ್ತಿ. ಹೋಗಿ ಸಾರು ಕುದಿಸು, ಆಯಮ್ಮನ್ನ ಕಳ್ಸು.”

ಮೂಲೆಯಲ್ಲಿ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಆಂಜಿನಪ್ಪ ಬಗ್ಗಿ ಪ್ರಧಾನರ ಕಿವಿಯಲ್ಲಿ ಏನೋ ಹೇಳಿದ. ಊರಿನವರು ಅನುಮೋದಿಸಿದರೆ ಕಾಗದ ಮತ್ತೆ ವಾಪಸು ಬರುತ್ತದೆ ಅಂದಿರಬೇಕು. ಪ್ರಧಾನರ ಕುತ್ತಿಗೆ ಕೆಂಪಾಯಿತು.

“ಸಭೆ ಮುಂದಕ್ಕೆ ಹಾಕಿದೆ. ಕೇಳ್ಕೊಳ್ರಿ ಇಬ್ರೂ. ನಿರ್ಣಯ ಆಮೇಲೆ ಬರ್ಸ್ಕೋತೀನಿ. ನಾಳೆ ಬೆಳಗ್ಗೆ ಆ ಜಾಗದಲ್ಲಿ ಕಲ್ಲುಕಂಬ ನೆಡಿಸ್ತೀನಿ. ನೀನು ತೋಪಿನ್ ಕಡೆ ಕಾಲಿಟ್ರೆ ಕಾಲು ಮುರಿಸ್ತೀನಿ.”

“ತಲೆ ಹಗುರ ಆಯ್ತು ಬಿಡಿ” ಅಂದಳು. ಮಗನಿಗೆ ದಿನವೂ ಕೆಲಸವಿರಲಿಲ್ಲ, ಸೊಸೆಗೆ ತಿಂಗಳು ತುಂಬುತ್ತಿತ್ತು. ನಾಳೆ ಒಲೆ ಹೇಗೆ ಹೊತ್ತುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಕಂಬ ಹಿಡಿದುಕೊಂಡಳು.

ಮುನಿರಾಮಪ್ಪ ಹೊರಗೆ ಬಂದು ಸೈಕಲ್ ತೆಗೆದ. ಹತ್ತಲಿಲ್ಲ. ಅವಳ ಪಕ್ಕ ತಳ್ಳಿಕೊಂಡು ನಡೆದ.

“ಒಳ್ಳೇ ಕೆಲ್ಸ ಮಾಡ್ದೆ ಅಕ್ಕಾ.”

“ನಿನ್ ಕೈಲಿ ಹೊಗಳಿಸ್ಕೊಳ್ಳೋಕೆ ಮಾಡ್ಲಿಲ್ಲ. ನೀನು ಬಾಯ್ ಮುಚ್ಕೊಂಡು ನಿಂತಿದ್ದೆ. ನಾನು ಬಾಯ್ಬಿಟ್ಟು ಅಂದೆ. ಕೇರೀಲಿ ಹಂಗೇ ಹೇಳ್ಬೇಕು.”

“ಹೇಳ್ತೀನಿ.”

“ನನ್ ಹೆಸ್ರು ಮೊದ್ಲು ಹೇಳ್ಬೇಕು.”

ಅವನು ನಕ್ಕ. ನಗು ಬೇಗ ಆರಿತು. “ನಾಳೆ ಕಂಬ ನೆಟ್ಬಿಟ್ರೆ ಯಾರ್ ಹೆಸ್ರು ಹೇಳಿ ಏನ್ ಬಂತು? ಕೋಲಾರಕ್ಕೆ ಹೋಗಿ ಅರ್ಜಿ ಕೊಡೋಣ. ಡಿ.ಸಿ. ಸಾಹೇಬ್ರು…”

“ನೀನ್ ಅರ್ಜಿ ಬರ್ದು ಬಸ್ ಹತ್ತೋದ್ರಲ್ಲಿ ಲಾರಿ ಬಂದಿರ್ತದೆ. ಗೂಟ ಹೊಡ್ಕೊಟ್ಟಿದ್ದಾರಲ್ಲ? ಪಾಯ ತೋಡಣ. ಮನೆ ಪಾಯ ತೋಡಿದ್ ಮೇಲೆ ಕಂಬ ಎಲ್ ನೆಡ್ತಾರೋ ನೋಡಣ.”

ಅವನು ಅವಳ ಮುಖ ನೋಡಿದ. ಆ ಯೋಚನೆ ತನಗೆ ಬರಲಿಲ್ಲವಲ್ಲ ಎಂಬ ಕೊರಗು ಅವನ ಕಣ್ಣಲ್ಲಿ ಕ್ಷಣ ಹೊತ್ತು ಹಾದುಹೋಯಿತು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ರುಚಿ ಟೀಗಿಂತ ಚೆನ್ನಾಗಿತ್ತು.

ಬೆಳಕು ಹರಿಯುವ ಮೊದಲೇ ಕೇರಿ ಅಲ್ಲಿತ್ತು. ಗುದ್ದಲಿ, ಹಾರೆ, ಇಲ್ಲದವರ ಕೈಯಲ್ಲಿ ನೇಗಿಲ ಗುಳ. ಅಂಜಮ್ಮ ಮಂಕರಿ ತಂದಿದ್ದಳು. “ತೋಪಿಂದೇ ಕಣೇ. ಮೇಸ್ತ್ರಿ ಕೇಳಿದ್ರೆ ನಿನ್ ಹೆಸ್ರು ಹೇಳ್ತೀನಿ” ಅಂದಳು. ಒಬ್ಬೊಬ್ಬರು ಅವರವರ ಗೂಟದ ನಡುವೆ ನಿಂತು ತೋಡತೊಡಗಿದರು. ಮುನಿಯಲ್ಲಮ್ಮನ ಮಗ ಅಗೆದ, ಅವಳು ಮಣ್ಣು ಬಾಚಿದಳು. ಅವನು ದಣಿದಾಗ ಹಾರೆ ತಾನು ಹಿಡಿದಳು. ಪಕ್ಕದ ಚೌಕದಲ್ಲಿ ಮುನಿರಾಮಪ್ಪ ಅಂಗಿ ಬಿಚ್ಚಿ ಬರಿಮೈಯಲ್ಲಿ ಅಗೆಯುತ್ತಿದ್ದ. ಅವನ ಅಂಗೈಯ ಬೊಬ್ಬೆ ಒಡೆದು ಹಾರೆಯ ಹಿಡಿಗೆ ರಕ್ತ ಮೆತ್ತಿತ್ತು.

ಬಿಸಿಲು ಏರಿದಾಗ ಲಾರಿ ಬಂತು. ಹಿಂದೆ ಪ್ರಧಾನರ ಜೀಪು. ಲಾರಿಯಲ್ಲಿ ಕಲ್ಲುಕಂಬಗಳು. ಡ್ರೈವರು ಹಾರ್ನ್ ಒತ್ತಿದ. ಮತ್ತೆ ಒತ್ತಿದ. ನೆಲದ ತುಂಬ ತೋಡಿದ ಸಾಲು. ಒಳಗೆ ತಿರುಗಿಸಲು ಚಕ್ರದಷ್ಟು ಜಾಗವಿರಲಿಲ್ಲ. ಒಬ್ಬರೂ ತಲೆಯೆತ್ತಲಿಲ್ಲ.

ಮುನಿಯಲ್ಲಮ್ಮ ಎತ್ತಿದಳು. ಅವಳು ನೋಡಿದ್ದು ಲಾರಿಯನ್ನಲ್ಲ, ಪಕ್ಕದ ಪಾಯವನ್ನು. ಮುನಿರಾಮಪ್ಪ ಮೊಣಕಾಲು ಮುಳುಗುವಷ್ಟು ಇಳಿದಿದ್ದ. ಅವಳದು ಇನ್ನೂ ಪಾದ ಮುಚ್ಚಿ ಸ್ವಲ್ಪ ಮೇಲೆ. ಹೊಟ್ಟೆ ಉರಿಯಿತು.

ಜೀಪಿನಿಂದ ಯಾರೋ ಇಳಿದು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಮುನಿಯಲ್ಲಮ್ಮ ಎರಡೂ ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದಳು.